ಹನ್ನೊಂದನೆಯ ಚುಕ್ಕೆ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವವರಿಗೆ ಸುಲಭ. ಹೆಸರು ವಸುಂಧರಾ, ಊರು ಮೈಸೂರು. ರೈಲ್ವೆ ನೌಕರಿಯವರನ್ನು ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಿಂದ ಕಲ್ಕತ್ತೆಯ ಬಾಲಿಗಂಜಿನ ಒಂದು ಮೂರನೇ ಮಹಡಿಯಲ್ಲಿದ್ದೇನೆ. ಎಸ್ಪ್ಲನೇಡ್ ಹತ್ತಿರದ ಆಹಾರ ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ನನಗೆ ಕೆಲಸ. ಏನು ಕೆಲಸ ಎಂದು ನೆಂಟರು ಕೇಳಿದರೆ ಮಾತು ತಿರುಗಿಸುತ್ತೇನೆ. ಯಾಕೆಂದರೆ ನಾನು ಮಾಡುವುದು ಕೂಡುವ ಲೆಕ್ಕ. ಬಲಗಡೆಯಿಂದ ಒಂದು ಸಂಖ್ಯೆ ಬರುತ್ತದೆ, ಎಡಗಡೆಯಿಂದ ಒಂದು ಸಂಖ್ಯೆ ಬರುತ್ತದೆ. ಎರಡನ್ನೂ ಕೂಡಿಸಿ ಕೆಳಗೆ ‘ಒಟ್ಟು’ ಎಂದು ಬರೆದು ಸಹಿ ಹಾಕುತ್ತೇನೆ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು.

ಹಿಂದೆ ಹೀಗಿರಲಿಲ್ಲ. ನಮ್ಮಲ್ಲಿಗೆ ಮಸಾಲೆಪುಡಿ, ಉಪ್ಪಿನಕಾಯಿ, ಹಣ್ಣಿನ ರಸ ಎಲ್ಲ ಬರುತ್ತವೆ. ಅದರಲ್ಲಿ ಎಷ್ಟು ಯೀಸ್ಟ್ ಇದೆ, ಎಷ್ಟು ಬೂಷ್ಟು ಇದೆ ಎಂದು ಎಣಿಸಿ ಹೇಳಬೇಕು. ಕಣ್ಣಿಗೆ ಕಾಣದ್ದನ್ನು ಎಣಿಸುವುದು ಹೇಗೆ ಎಂದರೆ, ಹತ್ತು ಗ್ರಾಂ ಪುಡಿಯನ್ನು ತೊಂಬತ್ತು ಎಂಎಲ್ ಶುದ್ಧ ನೀರಿನಲ್ಲಿ ಕಲಕಿ, ಅದರಿಂದ ಒಂದು ಎಂಎಲ್ ತೆಗೆದು ಗಾಜಿನ ತಟ್ಟೆಗೆ ಬಿಡುವುದು. ಮೇಲೆ ಅಗರ್ ಎಂಬ, ಜೀವಿಗಳಿಗೆ ಮೇವಾಗುವ ಗುಲಾಬಿ ಬಣ್ಣದ ಬೆಚ್ಚಗಿನ ಅಂಟನ್ನು ಸುರಿದು ಹೆಪ್ಪುಗಟ್ಟಲು ಬಿಡುವುದು. ಒಂದಕ್ಕೊಂದು ಜೋಡಿಯಾಗಿ ಇಂಥ ಎರಡು ತಟ್ಟೆ ಮಾಡಿ ಇಪ್ಪತ್ತೈದು ಡಿಗ್ರಿಯ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿ ಐದು ದಿನ ಅಲ್ಲಾಡಿಸದೆ ಇಟ್ಟರೆ ಒಂದೊಂದು ಜೀವವೂ ಬೆಳೆದು ಒಂದೊಂದು ಚುಕ್ಕೆಯಾಗುತ್ತದೆ. ಬೆಣ್ಣೆಯ ಹನಿಯಂತೆ ನುಣ್ಣಗಿದ್ದರೆ ಯೀಸ್ಟ್, ಹತ್ತಿಯಂತೆ ನೂಲು ನೂಲಾಗಿದ್ದರೆ ಬೂಷ್ಟು. ತಟ್ಟೆಯ ಮೇಲಿನ ಒಂದು ಚುಕ್ಕೆ ಎಂದರೆ ಒಂದು ಗ್ರಾಮಿನಲ್ಲಿ ಹತ್ತು ಎಂದು ಲೆಕ್ಕ. ಒಬ್ಬರು, ಒಂದು ಭೂತಗನ್ನಡಿ, ಹತ್ತು ನಿಮಿಷ. ಇಷ್ಟು ಸಾಕಾಗಿತ್ತು.

ಎಂಟು ವರ್ಷದ ಹಿಂದೆ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ಅರ್ಹರು ಇಬ್ಬರು, ಬಸು ಬಾಬು ಮತ್ತು ಅಮಿತ್ ಬಾಬು. ಇಬ್ಬರೂ ಒಂದೇ ದಿನ, ಒಂದೇ ಗಂಟೆಗೆ ಕೆಲಸಕ್ಕೆ ಸೇರಿದವರು. ಹಿರಿತನ ತೀರ್ಮಾನವಾಗದೆ ಒಂದು ವರ್ಷ ಕಡತ ತಿರುಗಿ, ಕೊನೆಗೆ ಮೇಲಿನವರು ವಿಭಾಗವನ್ನೇ ಎರಡು ಮಾಡಿದರು. ಕೋಣೆಯ ನಡುವೆ ಪ್ಲೈವುಡ್ ಗೋಡೆ ಎದ್ದಿತು. ಬಲಕ್ಕೆ ಯೀಸ್ಟ್ ವಿಭಾಗ, ಬಸು ಬಾಬು. ಎಡಕ್ಕೆ ಬೂಷ್ಟು ವಿಭಾಗ, ಅಮಿತ್ ಬಾಬು. ಒಂದೇ ತಟ್ಟೆ ಮೊದಲು ಬಲಕ್ಕೆ ಹೋಗುತ್ತದೆ. ಅಲ್ಲಿ ಯೀಸ್ಟ್ ಮಾತ್ರ ಎಣಿಸುತ್ತಾರೆ, ಪಕ್ಕದ ಬೂಷ್ಟನ್ನು ಕಂಡೂ ಕಾಣದಂತಿರುತ್ತಾರೆ. ಆಮೇಲೆ ಎಡಕ್ಕೆ ಹೋಗುತ್ತದೆ. ಎರಡು ಚೀಟಿಗಳೂ ಗೋಡೆ ಮುಗಿಯುವ ಕಡೆ ಇರುವ ನನ್ನ ಮೇಜಿಗೆ ಬರುತ್ತವೆ. ತಟ್ಟೆಗೆ ಅಗರ್ ಸುರಿಯುವುದೂ ನನ್ನದೇ ಕೆಲಸ. ಸುರಿಯುವಾಗ ಅದರಲ್ಲಿ ಯಾವುದಿದೆ ಎಂದು ಗೊತ್ತಿರುವುದಿಲ್ಲವಲ್ಲ, ಹಾಗಾಗಿ ಅದು ಇಬ್ಬರಿಗೂ ಸೇರಿದ್ದಲ್ಲ. ಆದರೆ ಬೆಳೆದ ಮೇಲೆ ಅದನ್ನು ನಾನು ನೋಡುವಂತಿಲ್ಲ. ‘ಒಟ್ಟು ಮೇಜು ತಟ್ಟೆಯನ್ನು ನೋಡತಕ್ಕದ್ದಲ್ಲ’ ಎಂದು ಸುತ್ತೋಲೆಯಿದೆ. ನನ್ನ ಭೂತಗನ್ನಡಿಯನ್ನು ಸಹಿ ಹಾಕಿಸಿಕೊಂಡು ವಾಪಸು ಪಡೆದರು.

ಬಸು ಬಾಬು, ಅಮಿತ್ ಬಾಬು ಜಗಳಗಂಟರಲ್ಲ, ಜೀವದ ಗೆಳೆಯರು. ಬೆಳಿಗ್ಗೆ ಒಂದೇ ಮೆಟ್ರೊದಲ್ಲಿ ಬರುತ್ತಾರೆ, ಮಧ್ಯಾಹ್ನ ಒಂದೇ ಡಬ್ಬಿಯಿಂದ ಮೀನು ತಿನ್ನುತ್ತಾರೆ. ಗೋಡೆಯ ಆಚೀಚೆ ಹೋದ ತಕ್ಷಣ ಮಾತ್ರ ಮೆಮೊದಲ್ಲೇ ಮಾತಾಡುತ್ತಾರೆ. ಆ ಮೆಮೊಗಳನ್ನು ಅತ್ತಿಂದಿತ್ತ ಕೊಡುವವಳೂ ನಾನೇ.

ಸೆಪ್ಟೆಂಬರ್ ಹನ್ನೆರಡಕ್ಕೆ ಒಂದು ಸ್ಯಾಂಪಲ್ ಬಂತು. ಹೆಸರಿಲ್ಲ, ಬರೀ ನಂಬರು, ೪೧೭. ನಮ್ಮಲ್ಲಿ ಯಾವುದಕ್ಕೂ ಹೆಸರಿರುವುದಿಲ್ಲ. ಆದರೆ ಪ್ಯಾಕೆಟ್ ಬಿಚ್ಚಿದೊಡನೆ ಹುರಿದ ಶೇಂಗಾ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿಯ ಘಮ ಮೂಗಿಗೆ ಬಡಿಯಿತು. ಗೋಡೆಯ ಎರಡೂ ಕಡೆ ಒಟ್ಟಿಗೆ ಸೀನಿದರು. ಇಡೀ ಕಲ್ಕತ್ತೆಯಲ್ಲಿ ಇಂಥ ಶೇಂಗಾ ಚಟ್ನಿಪುಡಿ ಮಾಡುವವಳು ಒಬ್ಬಳೇ, ಲೇಕ್ ಮಾರ್ಕೆಟ್ ಹಿಂದಿನ ಓಣಿಯ ಸುಭದ್ರಾ. ಕನ್ನಡ ಸಂಘದಲ್ಲಿ ಪರಿಚಯವಾದ ಧಾರವಾಡದ ಕಡೆಯ ಹೆಂಗಸು.

ಸುಭದ್ರಾಳ ವಿಷಯ ಹೇಳಬೇಕು. ಗಂಡ ಹೊನ್ನಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದಾರೆ, ಒಳ್ಳೆಯ ಮನುಷ್ಯ. ಇಪ್ಪತ್ತೆರಡು ವರ್ಷದಿಂದ ಈ ಊರಿನಲ್ಲಿ ಅವಳು ‘ಹೊನ್ನಪ್ಪನವರ ಮನೆಯವರು’. ಗ್ಯಾಸ್ ಅವರ ಹೆಸರಿಗೆ, ಫ್ಲ್ಯಾಟ್ ಅವರ ಹೆಸರಿಗೆ, ಸಂಘದ ಚೀಟಿಯ ಮೇಲೂ ‘ಶ್ರೀಮತಿ ಹೊನ್ನಪ್ಪ’. ಈ ವರ್ಷ ಅವಳು ಚಟ್ನಿಪುಡಿಗೆ ಇನ್ನೂರು ಲೇಬಲ್ ಅಚ್ಚು ಹಾಕಿಸಿದಳು. ಹಳದಿ ಕಾಗದದ ಮೇಲೆ ಕೆಂಪಕ್ಷರದಲ್ಲಿ ‘ಸುಭದ್ರಾ ಶೇಂಗಾ ಚಟ್ನಿ’. ಆ ಲೇಬಲ್ ತೋರಿಸಲು ಮಳೆಯಲ್ಲಿ ಬಸ್ಸು ಹಿಡಿದು ನನ್ನ ಮನೆಗೆ ಬಂದಿದ್ದಳು.

“ಅಕ್ಕಾರ, ಮದುವಿ ಲಗ್ನಪತ್ರಿಕೆ ಬಿಟ್ರ ನನ್ನ ಹೆಸರು ಅಚ್ಚಾಗಿದ್ದು ಇದ ಮೊದಲ್ನೇದ್ರೀ. ಅದರಾಗೂ ಅವರ ಹೆಸರು ಮ್ಯಾಲಿತ್ತು,” ಎಂದಿದ್ದಳು.

ಲೇಕ್ ಮಾರ್ಕೆಟ್ಟಿನಲ್ಲಿ ದಕ್ಷಿಣದ ಸಾಮಾನು ಮಾರುವ ರಾಮಕೃಷ್ಣ, ದುರ್ಗಾಪೂಜೆಯ ಮುಂಚಿನ ವ್ಯಾಪಾರಕ್ಕೆ ಅವಳಿಗೊಂದು ಶೆಲ್ಫ್ ಕೊಡಲು ಒಪ್ಪಿದ್ದರು. ಆದರೆ ಷರತ್ತು ಹಾಕಿದ್ದರು. ಹಿಂದಿನ ಮಳೆಗಾಲದಲ್ಲಿ ಯಾರದೋ ಪುಡಿಗೆ ಬೂಷ್ಟು ಹಿಡಿದು ಗಿರಾಕಿಗಳು ಅಂಗಡಿಯ ಮುಂದೆ ನಿಂತು ಬೈದು ಹೋಗಿದ್ದರಂತೆ. ಹಾಗಾಗಿ ಪ್ರಯೋಗಾಲಯದ ವರದಿ ಬೇಕು, ಗ್ರಾಮಿಗೆ ನೂರು ಮೀರಬಾರದು. ವರದಿ ಬರದಿದ್ದರೆ ಶೆಲ್ಫು ಬೇರೆಯವರಿಗೆ. ಈಗ ಆ ಪುಡಿ ನನ್ನ ಕೈಯಲ್ಲಿತ್ತು. ನಾನು ಅವಳನ್ನು ಬಲ್ಲೆ ಎಂದು ಕಚೇರಿಯಲ್ಲಿ ಬರೆದುಕೊಟ್ಟೆ. ನಂಬರಿಗೆ ಪರಿಚಯಸ್ಥರು ಇರುವುದಿಲ್ಲ ಎಂದು ಉತ್ತರ ಬಂತು. ಸರಿ, ಎರಡು ತಟ್ಟೆ ಸುರಿದು ಪೆಟ್ಟಿಗೆಯಲ್ಲಿಟ್ಟೆ.

ಐದನೆಯ ದಿನ ಹದಿನೇಳನೇ ತಾರೀಕು, ವಿಶ್ವಕರ್ಮ ಪೂಜೆ. ಆ ದಿನ ಈ ಊರಿನಲ್ಲಿ ಯಂತ್ರಗಳಿಗೆ ರಜೆ. ರಿಕ್ಷಾದಿಂದ ಹಿಡಿದು ಅಚ್ಚಿನ ಮೆಷಿನ್‌ವರೆಗೆ ಎಲ್ಲಕ್ಕೂ ಹೂವು, ಸಿಂಧೂರ. ಆಕಾಶದ ತುಂಬ ಗಾಳಿಪಟ. ನಮ್ಮ ಪ್ರಯೋಗಾಲಯದಲ್ಲೂ ಆನೆಯ ಮೇಲೆ ಕೂತ ವಿಶ್ವಕರ್ಮನನ್ನು ಇನ್‌ಕ್ಯುಬೇಟರ್ ಪಕ್ಕ ಕೂರಿಸಿ, ಖಿಚುಡಿ ಬೇಯಿಸಿ, ಪುರೋಹಿತರನ್ನು ಕರೆಸುತ್ತಾರೆ. ಯಂತ್ರ ಮುಟ್ಟಿ ಕೆಲಸ ಮಾಡುವಂತಿಲ್ಲ. ಬೂಷ್ಟಿಗೆ ಮಾತ್ರ ರಜೆಯಿಲ್ಲ, ಅದು ಒಳಗೆ ಬೆಳೆಯುತ್ತಲೇ ಇರುತ್ತದೆ. ಇದನ್ನು ನಾನು ಪ್ರತಿವರ್ಷ ಹೇಳುತ್ತೇನೆ, ಪ್ರತಿವರ್ಷ ನನಗೆ ಇನ್ನೊಂದು ಸೌಟು ಖಿಚುಡಿ ಬಡಿಸುತ್ತಾರೆ.

ಆ ದಿನ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ನಮ್ಮ ಮೈಸೂರಿನ ಮನೆಯಲ್ಲಿ ಆಯುಧಪೂಜೆಯ ದಿನ ಕತ್ತರಿ, ಈಳಿಗೆಮಣೆ, ಒರಳುಕಲ್ಲು ಒಂದನ್ನೂ ಬಿಡದೆ ಕುಂಕುಮ ಹಚ್ಚಿ ಹೂವಿಡುತ್ತಿದ್ದೆವು. ಪೆಟ್ಟಿಗೆಯ ಹೊರಗಷ್ಟೇ ಹೂವಿಟ್ಟು ಒಳಗಿನದನ್ನು ಬಿಟ್ಟಿದ್ದಾರಲ್ಲ ಎಂದು ನನಗೆ ಸಮಾಧಾನವಾಗಲಿಲ್ಲ. ಸುಭದ್ರಾಳ ಹಳದಿ ಲೇಬಲ್ ಕಣ್ಣ ಮುಂದೆ ಬಂತು. ಎಲ್ಲರೂ ಊಟಕ್ಕೆ ಕೂತಾಗ ಬಾಗಿಲು ತೆಗೆದು ಅವಳ ತಟ್ಟೆಯ ಮುಚ್ಚಳದ ಮೇಲೆ ಒಂದು ಚೆಂಡು ಹೂವಿಟ್ಟು ಕಣ್ಣಿಗೊತ್ತಿಕೊಂಡೆ. ಒತ್ತಿಕೊಂಡ ಕೈಯನ್ನು ಹಿಂದೆ ತೆಗೆಯುವಾಗ ಮೊಣಕೈ ತಗುಲಿ ಅದರ ಜೋಡಿ ತಟ್ಟೆ ನೆಲಕ್ಕೆ ಬಿದ್ದು ಚೂರಾಯಿತು. ಗಾಬರಿಯಲ್ಲಿ ಉಳಿದದ್ದನ್ನು ಹಿಡಿಯಹೋದರೆ ಅದರ ಮುಚ್ಚಳ ಸರಿದು, ಹೂವಿನ ಎರಡು ಎಸಳು ಅಂಚಿಗೆ ತಗುಲಿದವು. ಇಷ್ಟು ವರ್ಷ ಅಗರ್ ಸುರಿದವಳು ಮಾಡುವ ಕೆಲಸವೇ ಇದು! ನನ್ನ ಮೇಲೆ ನನಗೇ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ನಡೆದದ್ದನ್ನೆಲ್ಲ ಅಲ್ಲೇ ರಿಜಿಸ್ಟರಿನಲ್ಲಿ ಬರೆದು, ಹೊಸದಾಗಿ ಪರೀಕ್ಷೆ ಮಾಡೋಣ ಎಂದೆ.

“ಗಾಜು ಒಡೆದರೆ ಶುಭ, ದಿದಿ,” ಎಂದರು ಬಸು ಬಾಬು ಬಾಯಿ ಒರೆಸಿಕೊಳ್ಳುತ್ತ. “ಮೊದಲನೇ ಪರೀಕ್ಷೆ ಮುಗಿಯದೆ ಎರಡನೆಯದು ಹೇಗೆ ಶುರುವಾಗುತ್ತೆ?”

“ಮೊದಲನೆಯದು ಕೆಟ್ಟಿದೆಯಲ್ಲ ಸ್ವಾಮಿ!”

“ಕೆಟ್ಟಿದೆ ಅಂತ ಎಣಿಸಿದ ಮೇಲೆ ತಾನೇ ಗೊತ್ತಾಗೋದು?” ಎಂದರು ಅಮಿತ್ ಬಾಬು.

ಮರುದಿನ ಮೂರ್ತಿ ವಿಸರ್ಜನೆ ಎಂದು ಅರ್ಧ ಆಫೀಸು ಗಂಗೆಯ ಕಡೆ ಹೋಯಿತು. ಹತ್ತೊಂಬತ್ತಕ್ಕೆ ತಟ್ಟೆ ಹೊರಗೆ ಬಂತು. ಬಲಗಡೆಯಿಂದ ಚೀಟಿ: ಯೀಸ್ಟ್ ನಾಲ್ಕು. ಎಡಗಡೆಯಿಂದ ಚೀಟಿ: ಬೂಷ್ಟು ಆರು. ಒಟ್ಟು ಹತ್ತು ಚುಕ್ಕೆ, ಅಂದರೆ ಗ್ರಾಮಿಗೆ ಸರಿಯಾಗಿ ನೂರು. ಮೀರಿಲ್ಲ. ನಾನು ಬರೆದು ಸಹಿ ಹಾಕಿದ್ದರೆ ಅಂದೇ ಸಂಜೆ ಸುಭದ್ರಾಳ ಕೈಗೆ ವರದಿ ಸಿಗುತ್ತಿತ್ತು.

ಆದರೆ ತಟ್ಟೆ ಬಲದಿಂದ ಎಡಕ್ಕೆ ಹೋಗುವುದು ನನ್ನ ಮೇಜಿನ ಮೇಲಿಂದಲೇ. ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಹತ್ತು ಚುಕ್ಕೆಗಳು ಮೆಣಸಿನ ಕಾಳಿನಷ್ಟಿದ್ದವು. ಅಂಚಿನಲ್ಲಿ, ಸಾಸಿವೆಯಷ್ಟು ಚಿಕ್ಕದಾಗಿ, ಇನ್ನೊಂದಿತ್ತು. ಹನ್ನೊಂದನೆಯದು.

ಪೆನ್ನು ಹಿಡಿದು ಸಂಜೆಯವರೆಗೆ ಸುಮ್ಮನೆ ಕೂತಿದ್ದೆ, ಒಪ್ಪಿಕೊಳ್ಳುತ್ತೇನೆ. ಹತ್ತು ಎಂದು ಬರೆದರೆ ನಿಯಮದ ಪ್ರಕಾರ ಸುಳ್ಳಲ್ಲ, ಕಂಡವಳಿಗೆ ಸುಳ್ಳು. ಹನ್ನೊಂದು ಎಂದರೆ ಸುಭದ್ರಾಳ ಶೆಲ್ಫು ಹೋಯಿತು, ಅದೂ ಬಹುಶಃ ನನ್ನ ಹೂವಿನಿಂದ ಬಿದ್ದದ್ದಕ್ಕೆ. ಕೊನೆಗೆ ಎರಡೂ ವಿಭಾಗಕ್ಕೆ ಒಂದೇ ಮೆಮೊ ಬರೆದೆ: ಅಂಚಿನಲ್ಲಿರುವುದು ಯಾರದು?

ಮೊದಲ ಉತ್ತರ ಇಬ್ಬರಿಂದಲೂ ಒಂದೇ: ತಾವು ಹೇಗೆ ನೋಡಿದಿರಿ? ಕಣ್ಣು ಬಿಟ್ಟಿದ್ದರಿಂದ ಎಂದು ಬರೆದೆ. ಆಮೇಲೆ ಬಸು ಬಾಬು ಭೂತಗನ್ನಡಿ ಹಿಡಿದು ನೋಡಿ, “ಅಂಚು ಬೂದಿ ಬಣ್ಣಕ್ಕೆ ತಿರುಗಿದೆ, ನೂಲು ಎದ್ದಿದೆ. ಯೀಸ್ಟ್ ಅಲ್ಲ,” ಎಂದು ಬರೆದರು. ಅಮಿತ್ ಬಾಬು, “ನಡುವೆ ಶೊಂದೇಶ್ ಮಿಠಾಯಿಯಂತೆ ನುಣ್ಣಗಿದೆ. ಬೂಷ್ಟು ಅಲ್ಲ,” ಎಂದು ಬರೆದರು. ಇಬ್ಬರು ಹೇಳಿದ್ದೂ ನಿಜ. ಕೆಲವು ಜಾತಿಗಳಿವೆ, ಯೀಸ್ಟಿನಂತೆ ಹುಟ್ಟಿ ಬೂಷ್ಟಿನಂತೆ ಬೆಳೆಯುತ್ತವೆ. ನಾವು ಮೂವರೂ ಓದಿದ ಪುಸ್ತಕದಲ್ಲೇ ಅದರ ಚಿತ್ರವಿದೆ.

ಮೀನಿನ ಡಬ್ಬಿ ಬಿಚ್ಚಿದಾಗ ಗೋಡೆಯಾಚೆ ಹೋಗಿ ಇಬ್ಬರನ್ನೂ ತರಾಟೆಗೆ ತೆಗೆದುಕೊಂಡೆ. “ಒಂದು ಚುಕ್ಕೆ ಒಪ್ಪಿಕೊಂಡರೆ ನಿಮ್ಮ ಗಂಟೇನು ಹೋಗುತ್ತೆ?”

ಬಸು ಬಾಬು ಸುತ್ತ ನೋಡಿ ದನಿ ತಗ್ಗಿಸಿದರು. “ದಿದಿ, ನೂಲಿರೋದನ್ನ ನಾನು ಯೀಸ್ಟ್ ಅಂತ ತಗೊಂಡೆ ಅಂದ್ಕೊಳ್ಳಿ. ಎರಡಕ್ಕೂ ವ್ಯತ್ಯಾಸ ಇಲ್ವಲ್ಲ, ಮತ್ಯಾಕೆ ಎರಡು ವಿಭಾಗ ಅಂತ ಮೇಲಿನವರು ಕೇಳ್ತಾರೆ. ಗೋಡೆ ತೆಗೀತಾರೆ. ಒಂದು ಹುದ್ದೆ ಹೋಗುತ್ತೆ.”

“ಅಮಿತ್‌ನ ಹುದ್ದೆ ಹೋಗೋದು ನನಗಿಷ್ಟವಿಲ್ಲ,” ಎಂದು ಸೇರಿಸಿದರು.

“ಬಸು ದಾದಾ ಹುದ್ದೆ ಹೋಗೋದು ನನಗಿಷ್ಟವಿಲ್ಲ,” ಎಂದರು ಅಮಿತ್ ಬಾಬು. ಹೇಳುವಾಗ ಅವರ ಕಣ್ಣು ಒದ್ದೆಯಾಯಿತು. ಇಂಥವರ ಮೇಲೆ ಎಷ್ಟೆಂದು ಸಿಟ್ಟು ಮಾಡಲಿ?

ದಿನಕ್ಕೆ ಎರಡು ಸಲ ಸುಭದ್ರಾಳ ಫೋನು. “ಅಕ್ಕಾರ, ಏನಾತ್ರೀ ನಮ್ಮ ಚಟ್ನಿ? ಇನ್ನೂ ಎಷ್ಟ ದಿನ ಆಕ್ಕೈತ್ರಿ? ರಾಮಕೃಷ್ಣಪ್ಪನವರು ಮಹಾಲಯದೊಳಗ ಬೇಕಂತಾರ.” ಹೇಳುವಂತಿಲ್ಲಮ್ಮ ಎನ್ನುತ್ತಿದ್ದೆ. ಸುಳ್ಳು ಹೇಳಲು ಬರದವಳಿಗೆ ಸುಮ್ಮನಿರುವುದೂ ಬರುವುದಿಲ್ಲ. ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತಿದ್ದೆ.

ಆ ಹೊತ್ತಿಗೆ ನಮ್ಮಲ್ಲಿ ಕಂಪ್ಯೂಟರ್ ಬರುತ್ತಿತ್ತು. ಬೆಂಗಳೂರಿನಿಂದ ಸಮೀಕ್ಷಾ ಎಂಬ ಹುಡುಗಿ ಬಂದು ತಟ್ಟೆಗಳ ಫೋಟೋ, ಚೀಟಿಗಳನ್ನೆಲ್ಲ ಅದಕ್ಕೆ ಏರಿಸುತ್ತಿದ್ದಳು. ಚುರುಕು, ಕಿವಿಯಲ್ಲಿ ಸದಾ ಇಯರ್‌ಫೋನು. ೪೧೭ನೇ ನಂಬರಿಗೆ ಬಂದಾಗ ನನ್ನ ಮೇಜಿನ ಹತ್ತಿರ ಬಂದಳು.

“ಮೇಡಮ್, ಈ ಎಂಟ್ರಿ ಸೇವ್ ಆಗ್ತಿಲ್ಲ. ತಟ್ಟೆ ಫೋಟೋದಲ್ಲಿ ಹನ್ನೊಂದಿದೆ, ಚೀಟಿಯಲ್ಲಿ ಹತ್ತಿದೆ. ಒಂದು ಉಳ್ಕೊಂಡಿದೆ. ಯೀಸ್ಟಾ, ಮೋಲ್ಡಾ?”

“ಎರಡೂ ಅಲ್ವಂತೆ.”

“ಲಿಸ್ಟಲ್ಲಿ ಎರಡೇ ಆಪ್ಷನ್ ಇರೋದು ಮೇಡಮ್.”

“ಅದನ್ನ ಅವರಿಬ್ಬರಿಗೂ ಹೇಳು ತಾಯಿ, ನನಗಲ್ಲ.”

ಅವಳು ಯಾರಿಗೂ ಹೇಳಲಿಲ್ಲ. ಎರಡು ನಿಮಿಷದಲ್ಲಿ ‘ಇತರೆ’ ಎಂದು ಮೂರನೆಯ ಸಾಲು ಸೇರಿಸಿ, ಹನ್ನೊಂದನೆಯ ಚುಕ್ಕೆಯನ್ನು ಅದರಲ್ಲಿ ಹಾಕಿ, ಸೇವ್ ಮಾಡಿ ಊಟಕ್ಕೆ ಹೋದಳು. ನನಗೆ ಎಷ್ಟೋ ದಿನದ ಮೇಲೆ ಉಸಿರು ಬಂದಂತಾಯಿತು.

ಎರಡನೆಯ ದಿನ ಮೇಲಿನಿಂದ ಆದೇಶ ಬಂತು. ಕಂಪ್ಯೂಟರಿನಲ್ಲಿ ಮೂರು ಬಗೆ ಕಂಡುಬಂದಿರುವುದರಿಂದ ಮೂರು ವಿಭಾಗಗಳಿರತಕ್ಕದ್ದು. ‘ಇತರೆ’ ವಿಭಾಗಕ್ಕೆ ಶ್ರೀಮತಿ ವಸುಂಧರಾ ಅವರೇ ಮುಖ್ಯಸ್ಥೆ. ಮಧ್ಯಾಹ್ನದೊಳಗೆ ಇಬ್ಬರು ಬಡಗಿಗಳು ಬಂದು ನನ್ನ ಮೇಜಿನ ಸುತ್ತ ಪ್ಲೈವುಡ್ ಹೊಡೆದರು. ಒಳಗೆ ನಾನು, ಒಂದು ಕುರ್ಚಿ, ಏಳು ವರ್ಷದ ಮೇಲೆ ವಾಪಸು ಬಂದ ನನ್ನ ಭೂತಗನ್ನಡಿ. ಬಾಗಿಲು ಇಡಲು ಮರೆತಿದ್ದರು. ಸಂಜೆ ಮನೆಗೆ ಹೋಗಲು ಸ್ಟೂಲ್ ಹತ್ತಿ ದಾಟಬೇಕಾಯಿತು. ಬಸು ಬಾಬು, ಅಮಿತ್ ಬಾಬು ಆಚೆ ನಿಂತು ಕೈಹಿಡಿದು ಇಳಿಸಿಕೊಂಡರು, ಮಿಠಾಯಿ ತಿನ್ನಿಸಿದರು. ಗೋಡೆ ಉಳಿಯಿತಲ್ಲ ಎಂದು ಇಬ್ಬರ ಮುಖದಲ್ಲೂ ಹಬ್ಬ.

ನಾಚಿಕೆಯಾದರೂ ಹೇಳುತ್ತೇನೆ, ನನಗೂ ಸಂತೋಷವಾಗಿತ್ತು. ಮರುದಿನ ಬೆಳಿಗ್ಗೆ ತಟ್ಟೆಯನ್ನು ಅಧಿಕೃತವಾಗಿ ನನ್ನ ಮುಂದಿಟ್ಟರು. ಭೂತಗನ್ನಡಿ ಹಿಡಿದು, ಕಾಲೇಜಿನಲ್ಲಿ ಮೊದಲ ಸಲ ತಟ್ಟೆ ನೋಡಿದ ಹುಡುಗಿಯಂತೆ ಎಣಿಸಿದೆ. ಒಂದು. ಗ್ರಾಮಿಗೆ ಹತ್ತು ಎಂದು ಚೀಟಿ ಬರೆದೆ. ಬರೆದು, ಅಭ್ಯಾಸಬಲದಿಂದ ಮೂರು ಚೀಟಿಯನ್ನೂ ಎದುರಿಗಿಟ್ಟುಕೊಂಡು ಒಟ್ಟು ಹಾಕಲು ಹೋದಾಗ ಅಮಿತ್ ಬಾಬು ಗೋಡೆಯ ಮೇಲಿಂದ ಇಣುಕಿದರು.

“ದಿದಿ, ನೀವೀಗ ವಿಭಾಗದ ಮುಖ್ಯಸ್ಥರು. ಎಣಿಸೋರು ಕೂಡಿಸೋ ಹಾಗಿಲ್ಲ.”

“ಹಾಗಾದರೆ ಯಾರು ಕೂಡಿಸ್ತಾರೆ?”

“ಒಟ್ಟು ಮೇಜು. ಆ ಹುದ್ದೆ ಈಗ ಖಾಲಿ ಇದೆ. ಭರ್ತಿಗೆ ಬರೆದಿದ್ದೀವಿ, ಹೆಚ್ಚಂದ್ರೆ ಒಂದು ವರ್ಷ.”

ನಾನು ಕೂಗಾಡಿದೆ. ಇಡೀ ಮಹಡಿಗೆ ಕೇಳಿಸುವಂತೆ ಕೂಗಾಡಿದೆ. ಕನ್ನಡದಲ್ಲಿ ಕೂಗಾಡಿದ್ದರಿಂದ ಸಮೀಕ್ಷಾ ಒಬ್ಬಳೇ ಇಯರ್‌ಫೋನ್ ತೆಗೆದು ನೋಡಿದಳು. ನಾನು ಅಗಲಿ ಹೋದ ಯಾರನ್ನೋ ನೆನೆದು ಅಳುತ್ತಿದ್ದೇನೆ ಎಂದುಕೊಂಡು ಬಸು ಬಾಬು ಗೋಡೆಯ ಮೇಲಿಂದ ನೀರಿನ ಲೋಟ ಇಳಿಬಿಟ್ಟರು. ಅಂದು ಸಂಜೆಯೇ ವರದಿ ಹೊರಟುಹೋಯಿತು. ಯೀಸ್ಟ್ ನಲವತ್ತು, ಬೂಷ್ಟು ಅರವತ್ತು, ಇತರೆ ಹತ್ತು. ಒಟ್ಟು ಎಂಬಲ್ಲಿ ಒಂದು ಅಡ್ಡಗೆರೆ. ಬೇಕಾದವರು ಮನೆಯಲ್ಲಿ ಕೂಡಿಸಿಕೊಳ್ಳಲಿ ಎಂದು ಬಿಟ್ಟೆ. ಆಮೇಲೆ ಮೂರು ದಿನ ಸುಭದ್ರಾಳ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ, ಧೈರ್ಯವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಕರಿಬೇವು, ತೆಂಗಿನಕಾಯಿ ತರಲು ಲೇಕ್ ಮಾರ್ಕೆಟ್ಟಿಗೆ ಹೋದೆ. ರಾಮಕೃಷ್ಣ ಅವರ ಅಂಗಡಿಯೊಳಗೆ ಸುಭದ್ರಾ ಇಳಕಲ್ ಸೀರೆ ಉಟ್ಟು, ಬಾಗಿಲಿಗೆ ಎದುರಾಗಿಯೇ ಇರುವ ಶೆಲ್ಫಿನಲ್ಲಿ ಹಳದಿ ಲೇಬಲ್ಲಿನ ಪ್ಯಾಕೆಟ್ಟುಗಳನ್ನು ಜೋಡಿಸುತ್ತಿದ್ದಳು. ಒಂದನ್ನು ಇಡುವುದು, ಎರಡು ಹೆಜ್ಜೆ ಹಿಂದೆ ಬಂದು ನೋಡುವುದು, ಅಕ್ಷರ ಸೊಟ್ಟಗೆ ಕಂಡರೆ ತಿರುಗಿಸಿಡುವುದು. ನನ್ನನ್ನು ಕಂಡವಳೇ ಓಡಿ ಬಂದು ಎರಡೂ ಕೈ ಹಿಡಿದುಕೊಂಡಳು.

“ಪಾಸಾತ್ರೀ ಅಕ್ಕಾರ! ನಾನ ಬಂದು ಹೇಳಬೇಕಂತ ಫೋನ್ ಮಾಡ್ಲಿಲ್ಲ. ಪೂರ್ತಿ ಹೆಸರು ಕಾಣಂಗ ಐತೇನ್ರೀ ಅಲ್ಲಿಂದ?”

“ಕಾಣುತ್ತೆ,” ಎಂದೆ. “ಪಾಸು ಅಂತ ಯಾರು ಹೇಳಿದರು?”

ಗಲ್ಲೆಯ ಹಿಂದಿನಿಂದ ರಾಮಕೃಷ್ಣ ವರದಿಯನ್ನು ಎತ್ತಿ ತೋರಿಸಿದರು. ಕುಂದಾಪುರದ ಕಡೆಯವರು, ಮೂಗಿನ ತುದಿಯಲ್ಲಿ ಕನ್ನಡಕ. “ನಾನೇ ನೋಡಿದ್ದು ಮಾರಾಯ್ರೆ. ನಲವತ್ತು, ನೂರಕ್ಕಿಂತ ಕಮ್ಮಿ. ಅರವತ್ತು, ಕಮ್ಮಿ. ಹತ್ತು, ಅದಂತೂ ಏನೂ ಇಲ್ಲ. ಮೂರಕ್ಕೆ ಮೂರೂ ಪಾಸು. ಇಷ್ಟು ಒಳ್ಳೆ ರಿಪೋರ್ಟ್ ನಾನು ಕಂಡದ್ದೇ ಇಲ್ಲ.”

ಬಾಯಿ ತೆರೆಯಬೇಕು ಎಂದುಕೊಂಡೆ. ತೆರೆಯಲಿಲ್ಲ. ಶೆಲ್ಫಿನ ಮೇಲಿನ ಆ ಕೆಂಪಕ್ಷರ, ಅವಳ ಸೀರೆ, ಅವಳು ಹಿಡಿದುಕೊಂಡಿದ್ದ ನನ್ನ ಕೈ. ಜಗತ್ತಿನಲ್ಲಿ ಒಂದು ಚುಕ್ಕೆ ಹೆಚ್ಚಾದರೆ ಯಾರು ಸಾಯುತ್ತಾರೆ ಎಂದು ನಾನೇ, ಈ ನಾನೇ, ಮನಸ್ಸಿನಲ್ಲಿ ಅಂದುಕೊಂಡೆ. ತೆಂಗಿನಕಾಯಿ ಕುಟ್ಟಿ ನೋಡುವ ನೆಪದಲ್ಲಿ ಅತ್ತ ತಿರುಗಿದೆ.

ಸುಭದ್ರಾ ವರದಿಯನ್ನು ಕೈಗೆ ತೆಗೆದುಕೊಂಡಳು. ಫ್ರೇಮ್ ಹಾಕಿಸಲು ಎಂದು ಕಾಣುತ್ತದೆ, ಸೆರಗಿನಿಂದ ಒಮ್ಮೆ ಒರೆಸಿದಳು. ಆಮೇಲೆ ಅವಳ ತುಟಿ ಅಲ್ಲಾಡುವುದು ಕಂಡಿತು.

“ಅಕ್ಕಾರ,” ಎಂದಳು. “ಇವನ್ನ ಕೂಡಸೂದಿಲ್ಲೇನ್ರೀ?”

ನಾನು ಕುಟ್ಟುತ್ತಿದ್ದ ತೆಂಗಿನಕಾಯಿಯನ್ನು ಕೆಳಗಿಟ್ಟೆ.

“ನಲವತ್ತು, ಅರವತ್ತು ನೂರಾತು. ಮ್ಯಾಲೆ ಹತ್ತು. ನೂರಾ ಹತ್ತು ಆಕ್ಕೈತಲ್ರೀ. ತಿನ್ನಾವ್ರ ಹೊಟ್ಯಾಗ ಮೂರೂ ಕೂಡೇ ಹೋಗ್ತಾವಲ್ಲ.”

“ಎಂತ ಮಾರಾಯ್ರೆ,” ಎಂದರು ರಾಮಕೃಷ್ಣ. “ಸರ್ಕಾರಿ ಕಾಗದದಲ್ಲೇ ಒಟ್ಟು ಹಾಕಲಿಲ್ಲ. ನಿಮಗೆಂತಕ್ಕೆ ಆ ಉಸಾಬರಿ?”

ಅವಳು ಅವರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು. ಇನ್ನು ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಗೋಡೆ, ಚೀಟಿ, ಸಾಸಿವೆಯಷ್ಟಿದ್ದ ಚುಕ್ಕೆ. ಮುಚ್ಚಳದ ಮೇಲೆ ಹೂವಿಟ್ಟದ್ದು, ಜೋಡಿ ತಟ್ಟೆ ಒಡೆದದ್ದು. “ಆ ಹತ್ತು ನಿನ್ನ ಚಟ್ನಿಯದ್ದೋ ನನ್ನ ಹೂವಿನದ್ದೋ ನನಗೆ ಗೊತ್ತಿಲ್ಲ ಸುಭದ್ರಾ. ನನ್ನ ತಪ್ಪಿರಬಹುದು. ನಿನಗೆ ಒಳ್ಳೇದಾಗಲಿ ಅಂತಲೇ ಇಟ್ಟೆ ಕಣಮ್ಮ.”

ಅವಳ ಮುಖ ಕೆಂಪಾಯಿತು. ನನಗಿಂತ ಜೋರಾಗಿ ಸಿಟ್ಟು ಮಾಡುವವರನ್ನು ಈ ಊರಿನಲ್ಲಿ ಮೊದಲ ಸಲ ಕಂಡೆ.

“ಒಳ್ಳೇದಾಗ್ಲಿ ಅಂತ್ರೀ? ನಾ ನಿಮ್ಮನ್ನ ಹೂವು ಕೇಳಿದ್ನೇನು? ಎಣಸ್ರಿ ಅಂದಿದ್ದೆ, ಎಣಸೂದಷ್ಟ ಕೇಳಿದ್ದೆ! ಈಗ ನೋಡ್ರಿ, ಇದು ಚೊಲೋ ಐತೋ ಕೆಟ್ಟೈತೋ ಯಾರಿಗೂ ಗೊತ್ತಿಲ್ಲ. ಇಂಥಾದ್ದರ ಮ್ಯಾಲೆ ನನ್ನ ಹೆಸರು ಕುಂತೈತಿ.”

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಸಾಂಬಾರುಪುಡಿ ಕೈಯಲ್ಲಿ ಹಿಡಿದು ನಿಂತೇ ಬಿಟ್ಟರು. ಸುಭದ್ರಾ ರಾಮಕೃಷ್ಣ ಅವರ ಜೇಬಿನ ಪೆನ್ನನ್ನು ಕೇಳದೆಯೇ ತೆಗೆದು, ವರದಿಯನ್ನು ಗಲ್ಲೆಯ ಮೇಲಿಟ್ಟು ನನ್ನ ಮುಂದೆ ನೂಕಿದಳು.

“ಬರೀರಿ.”

“ನನಗೆ ಅಧಿಕಾರ ಇಲ್ಲಮ್ಮ.”

“ಕೂಡಸಾಕ ಅಧಿಕಾರ ಯಾಕ ಬೇಕ್ರೀ? ಬರೀರಿ ನೀವು.”

ಅಡ್ಡಗೆರೆಯ ಪಕ್ಕದಲ್ಲಿ ನೂರಾ ಹತ್ತು ಎಂದು ಬರೆದೆ. ಜೋಡಿ ತಟ್ಟೆ ಒಡೆದಿದೆ, ಪರೀಕ್ಷೆ ನಂಬುವಂತಿಲ್ಲ ಎಂದೂ ಬರೆದೆ. ಸಹಿ ಹಾಕಿ ತಾರೀಕು ಹಾಕಿದೆ. ಕೆಲಸ ಹೋಗುವುದಿದ್ದರೆ ಹೋಗಲಿ ಎನಿಸಿತು. ಹೋಗುವುದಿಲ್ಲ ಎಂದೂ ಗೊತ್ತಿತ್ತು, ಅದನ್ನು ತೀರ್ಮಾನಿಸಲು ಅವರಿಗೊಂದು ಹೊಸ ವಿಭಾಗವೇ ಬೇಕಾಗುತ್ತದೆ.

ಸುಭದ್ರಾ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಇಳಿಸಿ ಚೀಲಕ್ಕೆ ತುಂಬಿದಳು. ಕೊನೆಯದನ್ನು ಇಳಿಸುವಾಗ ಕೈ ಒಂದು ಗಳಿಗೆ ನಿಂತಿತು. ಅದನ್ನೂ ಹಾಕಿದಳು. ಶೆಲ್ಫು ಖಾಲಿಯಾಯಿತು.

“ಮಂಗಳವಾರ ಹೊಸಾದು ಮಾಡ್ತೀನ್ರಿ,” ಎಂದಳು ರಾಮಕೃಷ್ಣ ಅವರಿಗೆ. “ಬ್ಯಾರೆ ಕಡೆ ಎಣಸಿ ತರ್ತೀನಿ.”

“ಅಷ್ಟರಲ್ಲಿ ಪೂಜೆ ಮುಗೀತದಲ್ಲ. ಖಾಲಿ ಶೆಲ್ಫ್ ಇಟ್ಕೊಂಡು ನಾನೆಂತ ಮಾಡ್ಲಿ?”

“ಗೊತ್ತೈತ್ರಿ,” ಎಂದಳು. “ಯಾರಿಗೆ ಕೊಡ್ತೀರೋ ಕೊಡ್ರಿ.” ಆಗ ಮಾತ್ರ ಅವಳ ದನಿ ಒಡೆಯಿತು.

ಚೀಲ ಎತ್ತಲು ಹೋದಳು, ಭಾರವಾಗಿತ್ತು. ನಾನು ಕರಿಬೇವನ್ನು ಅಲ್ಲೇ ಬಿಟ್ಟು ಚೀಲದ ಇನ್ನೊಂದು ಹಿಡಿಗೆ ಕೈ ಹಾಕಿದೆ. ಅವಳು ನನ್ನ ಮುಖ ನೋಡಲಿಲ್ಲ. ಮಾರ್ಕೆಟ್ಟಿನಿಂದ ಅವಳ ಓಣಿಯವರೆಗೆ, ಮೀನಿನವರು, ಹೂವಿನವರು, ಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುವವರ ನಡುವೆ, ನನ್ನೊಡನೆ ಒಂದು ಮಾತೂ ಆಡಲಿಲ್ಲ. ಆದರೆ ನನ್ನ ಕೈಯಿಂದ ಆ ಹಿಡಿಯನ್ನು ಬಿಡಿಸಿಕೊಳ್ಳಲೂ ಇಲ್ಲ.